ಕ್ಷೌರದ ಕುರ್ಚಿಯಲ್ಲಿ ಬ್ಯಾಂಕ್ ವಿಚಾರಣೆ

ನನಗೆ ಕತ್ತರಿ ಹಿಡಿಯಲು ಕಲಿಸಿದ ಅಪ್ಪನಿಗೆ ಪರದೇಶದಿಂದ ಉದ್ದಂಡ ನಮಸ್ಕಾರ.

ಸ್ವಂತ ಸಲೂನಿಗೆಂದು ಕೂಡಿಟ್ಟ ದುಡ್ಡನ್ನು ಕಂಡಕಂಡ ಬ್ಯಾಂಕಿಗೆ ಸುರಿಯಬೇಡ, ವಿಚಾರಿಸು ಎಂದು ಬರೆದಿದ್ದಿರಿ. ವಿಚಾರಿಸಿದೆ. ಇಲ್ಲಿನ ಮೂವರು ಬ್ಯಾಂಕ್ ಮ್ಯಾನೇಜರುಗಳೂ ಗಡ್ಡ ಬೋಳಿಸಿಕೊಳ್ಳಲು ನಾನು ಕೆಲಸ ಮಾಡುವ ಅಂಗಡಿಗೇ ಬರುತ್ತಾರೆ. ಗಂಟಲ ಮೇಲೆ ಕ್ಷೌರದ ಕತ್ತಿಯಿಟ್ಟು, ಅತ್ಯಂತ ವಿನಯದಿಂದ, “ನಿಮ್ಮ ಬ್ಯಾಂಕ್ ಹೇಗೆ ಸಾರ್?” ಎಂದೆ.

ಇಬ್ಬರು, “ನಮ್ಮಂಥದ್ದು ಇನ್ನೊಂದಿಲ್ಲ” ಎಂದರು. ಹೇಳುವಾಗ ಅವರ ಗಂಟಲ ಗಂಟು ಕಪ್ಪೆಯಂತೆ ಕುಪ್ಪಳಿಸಿತು. ಮೂರನೆಯವರು ಮಾತ್ರ, “ನಮ್ಮಲ್ಲಿ ಹಾಕಬೇಡಪ್ಪಾ, ಕೂತರೂ ನಿಂತರೂ ಶುಲ್ಕ ಕೀಳ್ತೀವಿ” ಎಂದರು. ಗಂಟಲು ಅಲುಗಲಿಲ್ಲ.

ಇಂಥ ಸತ್ಯವಂತರು ಇನ್ನೆಲ್ಲಿ ಸಿಕ್ಕಾರು? ಅವರಲ್ಲೇ ಖಾತೆ ತೆರೆದುಬಿಟ್ಟೆ.

ಮರುದಿನದಿಂದ ಅವರು ಗಡ್ಡ ಬಿಡುತ್ತಿದ್ದಾರೆ; ಗಂಟಲು ಈಗ ಕಾಣುವುದೇ ಇಲ್ಲ. ನಾನು ಹೆದರಬೇಕೋ ಬೇಡವೋ, ಅಮ್ಮನಿಗೆ ತಿಳಿಸದೆ ಕೂಡಲೇ ಬರೆಯಿರಿ.

ವಿಚಾರಿಸಿಯೇ ಕೆಟ್ಟಿರಬಹುದಾದ,
ನಿಮ್ಮ ಮಗ