ಮೇಣ ಹಾಕಿದ ಕಳಲೆ

ಸೆಪ್ಟೆಂಬರ್ 15, ಭಾನುವಾರ, ಮಧ್ಯಾಹ್ನ

ಹಲ್ಲು ಕೀಳಿಸಿ ಮೂರನೇ ದಿನ. ಇವತ್ತೂ ಗಂಜಿ. ಎದುರಿಗೆ ಹೊಸನಗರದ ತಿಮ್ಮಣ್ಣ ಭಾವ, ಯಶೋಧಾಳ ಅಣ್ಣ, ನಾನಿಟ್ಟ ಕಳಲೆಯನ್ನು ಬೇಯಿಸದೆ ಮೊಸರಿಗೆ ಹಾಕಿಸಿಕೊಂಡು ಎರಡು ಸಲ ಉಂಡ. ಎಳೆ ಬಿದಿರನ್ನು ಕೆಡದ ಹಾಗೆ ಇಡುವುದರಲ್ಲಿ ಸಾಗರ ಸೀಮೆಗೆ ನಾನೇ ಮೊದಲು. ಉಳಿದವರು ಭರಣಿಗೆ ಕಲ್ಲುಪ್ಪು ಸುರಿಯುತ್ತಾರೆ. ನನ್ನದು ಹೊಸ ಕ್ರಮ — ಮನೆಯಲ್ಲಿ ಬಿಪಿ ಇದೆಯೆಂದು ಚಿಟಿಕೆ ಉಪ್ಪು, ಗಾಜಿನ ಬಾಟಲಿ, ಬಾಯಿಗೆ ಕ್ಯಾಂಡಲ್ ಕರಗಿಸಿ ಸೀಲ್. ಗಾಳಿಯೇ ಹೋಗದಿದ್ದರೆ ಕೆಡುವುದು ಹೇಗೆ? ಏಳನೇ ಕ್ಲಾಸಿನ ವಿಜ್ಞಾನ. ಯಶೋಧಾ ಮುಟ್ಟಲಿಲ್ಲ. ವಾಸನೆ ಒಂಥರಾ ಇದೆಯಂತೆ. ಹೆಂಡತಿಗೂ ಹೊಟ್ಟೆಕಿಚ್ಚು…

ಇನ್ನೊಂದು ಬಾಟಲಿ ತೀರ್ಥಹಳ್ಳಿಗೆ, ಮಗಳು ಸುಚಿತ್ರಾಳಿಗೆ, ಬಸ್ಸಿನಲ್ಲಿ ಕಳಿಸಿದೆ.

ಸೆಪ್ಟೆಂಬರ್ 17, ಮಂಗಳವಾರ, ಬೆಳಿಗ್ಗೆ

ಭಾವನ ರೆಪ್ಪೆ ಜೋತು ಬಿದ್ದಿದೆ. ಮಾತು ಮೂಗಿನಲ್ಲಿ.

"ಎಂತ ಭಾವ, ಬೆಳಿಗ್ಗೆನೇ ಹಾಕಿದ್ಯಾ?"

"ಇಲ್ಲ ಮಾರಾಯ. ನೀನು ಇಬ್ಬರು ಕಾಣ್ತಿದೀಯ. ಒಬ್ಬನ್ನ ತಡ್ಕೊಳ್ಳೋದೇ ಕಷ್ಟ."

ನಕ್ಕೆವು. ಕುಡಿದ ಕಾಫಿ ಅವನ ಮೂಗಿನಲ್ಲಿ ಬಂತು. ಆಮೇಲೆ ನಗಲಿಲ್ಲ. ಕಾರು ಮಾಡಿಕೊಂಡು ಶಿವಮೊಗ್ಗ.

ಅದೇ ದಿನ, ಸಂಜೆ, ಆಸ್ಪತ್ರೆ

ತಲೆಯ ಸ್ಕ್ಯಾನ್ ನಾರ್ಮಲ್. ಲಕ್ವ ಅಲ್ಲವಂತೆ. ಡಾಕ್ಟರ್ ಶ್ಯಾಮಲಾ ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಎಣಿಸಿ ಎಂದರು. ಭಾವ ಹದಿನೆಂಟಕ್ಕೆ ನಿಂತ. ಏನು ತಿಂದಿದ್ದರು ಎಂದು ನನ್ನನ್ನು ಕೇಳಿದರು. "ಮನೆ ಊಟ" ಎಂದೆ. ಸುಳ್ಳೇನಲ್ಲ. ಯಶೋಧಾ ದನ ಕರೆಯಲು ಊರಲ್ಲೇ ಉಳಿದದ್ದು ಒಳ್ಳೆಯದಾಯಿತು.

ಸೆಪ್ಟೆಂಬರ್ 18, ಬುಧವಾರ

ಎಣಿಕೆ ಹನ್ನೆರಡು.

ನರದ ಪರೀಕ್ಷೆ. ಹೆಬ್ಬೆರಳ ಬುಡಕ್ಕೆ ವೈರು ಅಂಟಿಸಿ ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟು. ಟಿವಿಯಂಥದ್ದರಲ್ಲಿ ಗೆರೆ ಏಳುತ್ತದೆ. ಭಾವನದು ಇರುವೆ ಗೂಡಿನಷ್ಟು. ನನ್ನದೂ ನೋಡಿ ಎಂದು ಕೈ ಚಾಚಿದೆ. ಕೊಡಚಾದ್ರಿ.

"ನೋಡಿದ್ರಾ ಡಾಕ್ಟ್ರೇ, ನನ್ನ ನರ?"

"ಎಲ್ಲರಿಗೂ ಇಷ್ಟೇ ಇರತ್ತೆ, ಕೂತ್ಕೊಳ್ಳಿ."

ಆಮೇಲೆ ಭಾವನಿಗೆ ಹೆಬ್ಬೆರಳನ್ನು ಹತ್ತು ಸೆಕೆಂಡು ಬಲವಾಗಿ ಒತ್ತಿ ಹಿಡಿಯಲು ಹೇಳಿ ಮತ್ತೆ ಕರೆಂಟು ಕೊಟ್ಟರು. ಗೆರೆ ಎರಡರಷ್ಟಾಯಿತು. ನಾನು ಚಪ್ಪಾಳೆ ತಟ್ಟಿದೆ. ಅವರ ಮುಖದಲ್ಲಿ ನಗು ಇಲ್ಲ.

"ನರ ಸರಿ ಇದೆ, ಮಾಂಸಖಂಡನೂ ಸರಿ ಇದೆ. ನಡುವೆ ಸುದ್ದಿ ದಾಟ್ತಾ ಇಲ್ಲ. ಒತ್ತಾಯ ಮಾಡಿದ್ರೆ ಒಂಚೂರು ದಾಟತ್ತೆ. ಗಾಳಿ ಇಲ್ಲದ ಕಡೆ ಹುಟ್ಟೋ ಒಂದು ವಿಷ ಹೀಗೆ ಮಾಡತ್ತೆ. ಬಾಟಲಿಲಿ ಮುಚ್ಚಿಟ್ಟಿದ್ದು ಏನಾದ್ರೂ ತಿಂದಿದ್ರಾ?"

ಗಾಳಿ ಇಲ್ಲದ ಕಡೆ.

ಭಾವ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ನನ್ನನ್ನೇ ನೋಡಿದ. ಹೇಳುವುದನ್ನು ನನಗೇ ಬಿಟ್ಟ.

"ಕಳಲೆ. ಮೇಣ ಹಾಕಿ ಮುಚ್ಚಿದ್ದು. ನಾನೇ."

"ನಿನ್ನೆನೇ ಹೇಳ್ಬಾರ್ದಿತ್ತಾ?" ಬೈಯಲೂ ಅವರಿಗೆ ಪುರಸೊತ್ತಿಲ್ಲ. ವಿಷಕ್ಕೆ ಎದುರು ಮದ್ದು ದೂರದಿಂದ ಬರಬೇಕಂತೆ, ಫೋನು ಹಿಡಿದು ಓಡಿದರು. ನಾನೂ ಹಿಡಿದೆ.

"ಸುಚಿತ್ರಾ, ಆ ಬಾಟಲಿ—"

"ತೆಗ್ದಿಲ್ಲ ಅಪ್ಪ. ನೀವು ಕಳ್ಸಿದ್ದು ಏನೇ ಇರ್ಲಿ, ಕೇಳದೆ ಬಾಯಿಗೆ ಹಾಕ್ಬೇಡ ಅಂತ ಅಮ್ಮ ಮದುವೆ ದಿನನೇ ಹೇಳಿದಾಳೆ."

ಯಶೋಧಾಳಿಗೆ ಒಂದು ಸೀರೆ.

ಸೆಪ್ಟೆಂಬರ್ 19

ಎಂಟು. ಮದ್ದು ಬಂತು, ಹಾಕಿದರು. ಆದರೂ ಉಸಿರಿನ ಮೆಷಿನ್…

ಅಕ್ಟೋಬರ್ 6, ಭಾನುವಾರ, ಆಸ್ಪತ್ರೆ

ಮೆಷಿನ್ ತೆಗೆದು ನಾಲ್ಕು ದಿನ. ಇಷ್ಟು ದಿನ ಪೆನ್ನು ಹಿಡಿಯುವ ಧೈರ್ಯ ಇರಲಿಲ್ಲ. ಡಾಕ್ಟರು ಭಾವನ ಗೆರೆಗಳನ್ನು ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ. ನಾನು ಏಳಕ್ಕೆ ನಿಂತೆ, ನನ್ನ ಕಳಲೆ ಮೆಡಿಕಲ್ ಓದಿತು. ಹೀಗೆಂದರೆ ಊರಿಂದ ಬಂದಿದ್ದ ಯಶೋಧಾ ಹೊಡೆಯಲು ಚೊಂಬು ಎತ್ತಿಕೊಂಡಳು.

"ಎಣ್ಸು ಭಾವ, ಬರ್ಕೊಳ್ತೀನಿ. ಹದಿನೆಂಟು ದಾಟಿದ್ರೆ ಮುಂದಿನ ವರ್ಷ ಕಳಲೆಗೆ ಯಶೋಧಾ ಹೇಳಿದಷ್ಟು ಉಪ್ಪು."

"ಬಾಟಲಿ?"

"ಒಡೆದು ಹಾಕ್ತೀನಿ."

"ದಾಟದಿದ್ರೆ?"

"ದಾಟ್ಲೇಬೇಕು ಮಾರಾಯ."

ಉಸಿರು ಎಳೆದುಕೊಂಡ. ಹತ್ತು… ಹದಿನೈದು, ಹದಿನಾರು, ಹದಿನೇಳು — ನನ್ನ ಮುಖ ನೋಡಿ ಬೇಕೆಂದೇ ನಿಧಾನ ಮಾಡುತ್ತಿದ್ದಾನೆ — ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪ— ಸಾಕು ಮಾರಾಯ, ಗೆದ್ದೆ, ಬಾಟಲಿ ಒಡೆದು ಹಾಕ್ತೀನಿ.