ಅಪ್ಪನ ಎಡಗೈ

ಮಾರ್ಚ್ 3, ಬೆಳಿಗ್ಗೆ 6

ಇವತ್ತೂ ಬ್ರೆಡ್ ಕುಸಿಯಿತು. ನಡುವೆ ಗುಂಡಿ, ಒಳಗೆ ಹಸಿಹಸಿ. ಅಪ್ಪ ಒಂದು ತುಂಡು ಮುರಿದು ಮೂಸಿದರು, ತಟ್ಟೆ ಪಕ್ಕಕ್ಕೆ ತಳ್ಳಿದರು. ಲಕ್ವ ಹೊಡೆದು ಎರಡು ತಿಂಗಳು — ಬಲಗೈ ಏಳುವುದಿಲ್ಲ, ಮಾತಿಲ್ಲ. ಸಿಟ್ಟು ಮಾತ್ರ ಹಾಗೇ ಇದೆ. ನಲವತ್ತು ವರ್ಷ ಬೇಕರಿ ನಡೆಸಿದವರು. ನಾನು ಕೌಂಟರಿನಲ್ಲೇ ಬೆಳೆದವಳು. ಹಿಟ್ಟು ಮುಟ್ಟಲು ಬಿಟ್ಟಿದ್ದರೆ ತಾನೇ...

ಮಾರ್ಚ್ 5

ಎದುರಂಗಡಿ ಟೈಲರ್ ಅಕ್ಕ ಫೋನಿನಲ್ಲಿ ಒಂದು ಗ್ರೂಪ್ ಹುಡುಕಿಕೊಟ್ಟಳು. ಎಲ್ಲ ಸಣ್ಣ ಬೇಕರಿಯವರೇ. "ನಾನು ಕೋಟು ಹೊಲಿಯೋದು ಕಲಿತಿದ್ದೇ ಇಂಥ ಗ್ರೂಪಲ್ಲಿ. ಕೇಳೋಕೇನು ನಾಚಿಕೆ?"

ಕುಸಿದ ಬ್ರೆಡ್ಡಿನ ಫೋಟೋ ಹಾಕಿದೆ. ಏಳು ಜನ, ಏಳು ಮಾತು. 'ಬನ್ ಅಜ್ಜಿ' ಅನ್ನುವವರು ಮಾತ್ರ ಕೇಳಿದರು: "ಓವನ್ ಬಾಗಿಲು ಎಷ್ಟು ಸಲ ತೆಗೀತೀಯಾ ಮಗಳೇ?"

ಸಿಕ್ಕಿಬಿದ್ದೆ.

ಮಾರ್ಚ್ 6

ಬಾಗಿಲು ಮುಟ್ಟದೆ ಕೈಕಟ್ಟಿ ಕೂತೆ. ಗುಂಡಿ ಸಣ್ಣದಾಗಿದೆ. ಅಪ್ಪ ಫೋನಿನಲ್ಲಿ ಗ್ರೂಪ್ ನೋಡಿ ಗೋಡೆ ಕಡೆ ತಿರುಗಿದರು. ಕಂಡವರನ್ನೆಲ್ಲ ಕೇಳಿದಳು, ನನ್ನನ್ನು ಕೇಳಲಿಲ್ಲ — ಅಂತಿರಬೇಕು. ಹೇಗೆ ಕೇಳಲಿ?

ಮಾರ್ಚ್ 14

ನಮ್ಮಲ್ಲೇ ಬ್ರೆಡ್ ಕೊಳ್ಳುವ ಹೋಟೆಲಿನವರು ಬಂದಿದ್ದರು. "ಮುಂದಿನ ವಾರವೂ ಹೀಗೇ ಆದ್ರೆ ಬೇರೆ ಕಡೆ ನೋಡ್ಕೋತೀವಿ. ಬೇಜಾರು ಮಾಡ್ಕೋಬೇಡಿ."

ಮಾಡಿಕೊಂಡೆ. ಅಪ್ಪನಿಗೂ ಕೇಳಿಸಿತು.

ಮಾರ್ಚ್ 15, ಮಧ್ಯಾಹ್ನ

ನಾದುವ ವಿಡಿಯೋ ಕಳಿಸು ಅಂದರು ಬನ್ ಅಜ್ಜಿ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಾದುತ್ತಿದ್ದೆ. ಕುರ್ಚಿ ಸರಿದ ಸದ್ದು. ಅಪ್ಪನ ಎಡಗೈ ಬಂದು ನನ್ನ ಕೈಗಳನ್ನು ಸರಿಸಿತು. ಒತ್ತಿ, ಮಡಚಿ, ತಿರುಗಿಸಿ... ತುಂಬಾ ಹೊತ್ತು. ಬೆವರಿದರು. ಆಮೇಲೆ ನನ್ನ ಕಿವಿಯ ಹಾಲೆ ಹಿಸುಕಿ, ನನ್ನ ಬೆರಳು ಹಿಡಿದು ಹಿಟ್ಟಿನ ಮೇಲಿಟ್ಟರು. ಅಷ್ಟೇ ಮೆತ್ತಗೆ! ನಾನು ದಿನಾ ನಾದುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ.

ವಿಡಿಯೋ ಹಾಗೇ ಕಳಿಸಿದೆ.

ಬನ್ ಅಜ್ಜಿಯ ಉತ್ತರ: "ಆ ಕೈ ಯಾರದು? ಅವರನ್ನ ಮನೇಲಿಟ್ಕೊಂಡು ನಮ್ಮನ್ನ ಕೇಳ್ತೀಯಲ್ಲೇ. ನಮಗೂ ಹೇಳಿಕೊಡ್ತಾರಾ ಕೇಳು."

ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಅಂತ ಬೆರಳೆತ್ತಿದರು. ಮೂರು ಸಲ ಓದಿಸಿದರು.

ಮಾರ್ಚ್ 21

ಹೋಟೆಲಿಗೆ ಬ್ರೆಡ್ ಹೋಯಿತು. ಸಂಜೆವರೆಗೆ ಫೋನ್ ಬರಲಿಲ್ಲ. ಅಂದರೆ ಚೆನ್ನಾಗಿದೆ.

ಮಾರ್ಚ್ 29, ಭಾನುವಾರ, 3 ಗಂಟೆ

ಇವತ್ತು ಗ್ರೂಪಿನವರಿಗೆ ಅಪ್ಪನ ನಾದುವ ಪಾಠ, ವಿಡಿಯೋ ಕಾಲ್. ಹನ್ನೊಂದು ಬೇಕರಿಯವರು. ಕೈ ಅಪ್ಪನದು, ಬಾಯಿ ನನ್ನದು. ಬೆಳಿಗ್ಗೆಯಿಂದ ಗಡ್ಡ ಬೋಳಿಸು ಅಂತ ಹಠ. "ಕೈ ಮಾತ್ರ ಕಾಣೋದು ಅಪ್ಪಾ" ಅಂದರೂ ಬಿಡಲಿಲ್ಲ. ಇಸ್ತ್ರಿ ಅಂಗಿಯೂ ಬೇಕಾಯಿತು. ಬನ್ ಅಜ್ಜಿ ಆಗಲೇ ಸ್ಕ್ರೀನಿನಲ್ಲಿ ಬಂದು ಕೂತಿದ್ದಾರೆ. ಬರೆದದ್ದು ಸಾಕು ಬಾ ಅಂತ ಅಪ್ಪ ಮೇಜು ಬಡಿಯುತ್ತಿದ್ದಾರೆ. ಮಾತಿಲ್ಲದೆಯೂ ಎಷ್ಟು ಬೈತಾರೆ. ಇನ್ನೊಂದು ಸಲ ಬಡಿಯಲಿ, ಎದ್ದು ಹೋಗ್ತೀ—