ಅಮ್ಮನಿಗೆ ಬಂದ ಬಿಳಿ ಸೇವಂತಿಗೆ

ಯಂಗ್‌ಸಿಲ್,

‘ಪ್ರೀತಿಯ ತಂಗಿ’ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಮೊದಲು ಇಲ್ಲಿ ನಡೆದದ್ದನ್ನು ಕೇಳು.

ಮಂಗಳವಾರ ಬೆಳಿಗ್ಗೆ ಅಮ್ಮ ಅಂಗಳದಲ್ಲಿ ಕಡಲಪಾಚಿ ಒಣಹಾಕುತ್ತಿದ್ದಳು. ಹೂವಿನ ವ್ಯಾನು ಬಂದು ನಿಂತಿತು. ಆಳೆತ್ತರದ ಹೂಚಕ್ರ, ಪೂರ್ತಿ ಬಿಳಿ ಸೇವಂತಿಗೆ, ಎರಡೂ ಕಡೆ ಇಳಿಬಿಟ್ಟ ಕಪ್ಪು ಪಟ್ಟಿ. ಸಾವಿನ ಮನೆಗೆ ಕಳಿಸುವಂಥದ್ದು. ತಂದವನು ತಲೆ ಬಗ್ಗಿಸಿ, ತೀರಿಕೊಂಡವರ ಫೋಟೋ ಎಲ್ಲಿದೆ, ಅದರ ಪಕ್ಕ ನಿಲ್ಲಿಸಬೇಕು ಎಂದ. ಯಾರು ತೀರಿಕೊಂಡದ್ದು ಎಂದು ಅಮ್ಮ ಕೇಳಿದಳು. ಅವನು ಚೀಟಿ ನೋಡಿ, ಹ್ಯೊನ್ ಚುನ್‌ಹ್ವಾ ಎಂದು ಅಮ್ಮನ ಹೆಸರನ್ನೇ ಓದಿದ. ಅಮ್ಮ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸಹಿ ಹಾಕಿದಳು. ತನ್ನ ಸಾವಿನ ಹೂವಿಗೆ ತಾನೇ ಸಹಿ.

ಪಕ್ಕದ ಮನೆಯ ಓಕ್‌ಬುನ್ ಚಿಕ್ಕಮ್ಮ ಪಟ್ಟಿಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದಳು. ಕಲಾವಿದೆ ಬು ಯಂಗ್‌ಸಿಲ್ ಅವರ ತಾಯಿಯ ಮೂವತ್ತನೆಯ ಪುಣ್ಯತಿಥಿಗೆ, ನಿನ್ನ ಗ್ಯಾಲರಿಯವರಿಂದ. “ಚುನ್‌ಹ್ವಾ, ನೀನು ಸತ್ತು ಮೂವತ್ತು ವರ್ಷ ಆಯ್ತಂತಲ್ಲೇ. ಹಾಗಾದ್ರೆ ನಿನ್ನೆ ಕಡಲೊಳಗೆ ನನ್ನ ಬಂಡೆ ಚಿಪ್ಪಿಗೆ ಕೈ ಹಾಕಿದೋಳು ಯಾರು?” ಇಬ್ಬರೂ ನಕ್ಕರು. ನನ್ನ ಮೈ ಉರಿದುಹೋಯಿತು.

ಅವರಿಗೆ ನಮ್ಮ ವಿಳಾಸ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ಚಳಿಗಾಲದಲ್ಲಿ ಅಮ್ಮ ನಿನಗೆಂದು ಕಿತ್ತು, ನನ್ನ ಹೆಸರಿನಲ್ಲಿ ಕಳಿಸುವ ಕಿತ್ತಳೆ ಪೆಟ್ಟಿಗೆಯ ಮೇಲಿಂದ. ನಾನು ಅವರಿಗೆ ಫೋನ್ ಮಾಡಿದೆ. ಗ್ಯಾಲರಿಯ ಹುಡುಗಿ ಪಾಪ, ನನ್ನನ್ನು ಸಮಾಧಾನ ಮಾಡುತ್ತಾ ಪ್ರದರ್ಶನದ ಗೋಡೆಯ ಮೇಲೆ ನಿನ್ನ ಬಗ್ಗೆ ಬರೆದಿರುವ ಸಾಲನ್ನು ಓದಿ ಹೇಳಿದಳು. ಏಳನೆಯ ವಯಸ್ಸಿನಲ್ಲಿ ತಾಯಿ ಜೇಜುವಿನ ಕಡಲಲ್ಲಿ ಮುಳುಗಿ ಸತ್ತದ್ದನ್ನು ಕಣ್ಣಾರೆ ಕಂಡ ಕಲಾವಿದೆಯಂತೆ ನೀನು.

ನಿನ್ನ ಚಿತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕವಳಿದ್ದಾಗಲೇ ನೀನು ಇದ್ದಿಲಿನಿಂದ ಬಂಡೆಯ ಮೇಲೆ ಕಾಲು ಮೇಲಾದ ಹೆಂಗಸರನ್ನು ಬಿಡಿಸುತ್ತಿದ್ದೆ. ಸೋಲ್ ನಗರದ ಕಲಾಪಂಡಿತರು ಅದನ್ನು ಕನಸು ಎಂದರು, ಸುಪ್ತ ಮನಸ್ಸು ಎಂದರು. ದಡದಲ್ಲಿ ನಿಂತು ನೋಡುವವರಿಗೆ ಮುಳುಗುವವಳ ಕಾಲೇ ತಾನೇ ಕಾಣುವುದು? ಅದು ಕಡಲಿಗೆ ಮುಳುಗಿ ಚಿಪ್ಪು ಕೀಳುವ ನಮ್ಮ ಹೆಂಗಸರ ದಿನದ ಕೆಲಸ ಎಂದು ನೀನು ಒಬ್ಬರಿಗೂ ಹೇಳಲಿಲ್ಲ. ಹೋಗಲಿ ಬಿಡು. ಮೊದಲ ಪ್ರದರ್ಶನಕ್ಕೆ ಜನ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ. ಮೂರನೆಯದಕ್ಕೆ ನೀನು ಅಮ್ಮನನ್ನು ಸಾಯಿಸಿದೆ. ಪ್ರಶಸ್ತಿ ಬಂತು, ಪ್ಯಾರಿಸ್‌ನಿಂದ ಕರೆ ಬಂತು. ಪ್ರತಿ ಸಲವೂ ನೀನು, ಅಮ್ಮನಿಗೆ ವಿಮಾನ ಒಗ್ಗುವುದಿಲ್ಲ, ಕರೆತರಬೇಡ ಎನ್ನುತ್ತಿದ್ದದ್ದು ಇದಕ್ಕೆ. ನಾನು ಪೆದ್ದಿ, ಕಾಳಜಿ ಎಂದುಕೊಂಡಿದ್ದೆ.

ಅಮ್ಮ ಸತ್ತಳೆಂದು ನೀನು ಹೇಳುವ ಆ ದಿನ ನಾನೂ ದಡದಲ್ಲಿದ್ದೆ, ಯಂಗ್‌ಸಿಲ್. ಚಿಪ್ಪು ಕೀಳುವ ಸಲಾಕೆ ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು, ಅದರ ಹಗ್ಗ ಅಮ್ಮನ ಮಣಿಕಟ್ಟಿನಲ್ಲಿತ್ತು. ಅಮ್ಮ ಏಳಲೇ ಇಲ್ಲ. ನೀನೂ ಉಸಿರು ಬಿಗಿಹಿಡಿದು ನಿಂತೆ, ಮುಖ ನೀಲಿಯಾಗುವವರೆಗೆ. ಕೊನೆಗೆ ಅಮ್ಮ ಹಗ್ಗ ಬಿಡಿಸಿಕೊಂಡು ಎದ್ದು, ಮುಳುಗಿ ಎದ್ದವರು ಬಿಡುವ ಸಿಳ್ಳೆಯಂಥ ಆ ಉಸಿರು ಬಿಟ್ಟಳು. ದಡಕ್ಕೆ ಬಂದು ನಿನಗೊಂದು ಬಿಗಿದು, ಆಮೇಲೆ ತಬ್ಬಿಕೊಂಡು ಅತ್ತಳು. ಮುಳುಗಿದ ಅಮ್ಮನನ್ನು ಹನ್ನೆರಡು ಸಲ ಬಿಡಿಸಿದ್ದೀಯ. ಎದ್ದು ಬಂದ ಅಮ್ಮನನ್ನು ಒಂದು ಸಲವಾದರೂ ಬಿಡಿಸಿದೆಯಾ? ಅಮ್ಮ ಸತ್ತರೇ ನಿನ್ನ ಚಿತ್ರಕ್ಕೆ ಬೆಲೆ ಎಂದಾದರೆ, ಅಂಥ ಚಿತ್ರವನ್ನು ಒಲೆಗೆ ಹಾಕು.

ಇದನ್ನೆಲ್ಲ ಅಮ್ಮನ ಎದುರೇ ಕೂಗಾಡಿದೆ. ಅವಳು ಸೇವಂತಿಗೆಗಳನ್ನು ಒಂದೊಂದಾಗಿ ಬಿಡಿಸಿ ಉಪ್ಪಿನಕಾಯಿ ಜಾಡಿಗೆ ಹಾಕುತ್ತಿದ್ದಳು. ಕೊನೆಯ ಹೂವನ್ನೂ ಜಾಡಿಗೆ ಇಟ್ಟಳು. ಆಮೇಲೆ ಹೇಳಿದಳು.

“ಅವ್ಳನ್ನ ಬೈಬೇಡ್ವೇ. ಪಾಪ, ಆ ಮಗು ಇನ್ನೂ ಅಲ್ಲೇ ನಿಂತಿದೆ. ನಾನು ಮೇಲೆ ಬಂದಿದ್ದು ಅದಕ್ಕೆ ಕಾಣ್ಲಿಲ್ಲ ಅನ್ಸುತ್ತೆ. ನಡಿ, ಹೋಗಿ ತೋರಿಸ್ಬಿಟ್ಟು ಬರೋಣ.”

ಶನಿವಾರ ಹನ್ನೊಂದು ಗಂಟೆಗೆ ನಿನ್ನ ಪ್ರದರ್ಶನಕ್ಕೆ ಬರುತ್ತೇವೆ. ಬಾಗಿಲಲ್ಲಿ ಯಾರಾದರೂ ಈ ಮುದುಕಿ ಯಾರು ಎಂದು ಕೇಳಿಯೇ ಕೇಳುತ್ತಾರೆ. ಅಮ್ಮ ಬಾಯಿ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಉತ್ತರ ನೀನು ಕೊಡಬೇಕು.

ಉಸಿರು ಗಟ್ಟಿಯಾಗಿರಲಿ ತಂಗಿ.

ಇನ್ನೂ ಸಿಟ್ಟು ಇಳಿಯದ ನಿನ್ನ ಅಕ್ಕ,
ಮಾಲ್‌ಸುನ್